ಡಿಕ್ಕಿಯಲ್ಲಿ ನಿಂತ ನೀರು

ಕಾರು ಎಲ್ಲಿ ಸೋರುತ್ತೆ ಅಂತ ಹುಡುಕೋದರಲ್ಲಿ ಮದ್ದೂರಿನಲ್ಲಿ ನನ್ನನ್ನು ಮೀರಿಸೋರಿಲ್ಲ. ಅದಕ್ಕೇ ಕೊತ್ತತ್ತಿಯ ನಿಂಗಮ್ಮ ತಮ್ಮ ಹಳೇ ಎಸ್‌ಯುವಿಯನ್ನು ನನ್ನ ಗ್ಯಾರೇಜಿಗೇ ತಂದರು. ಮಳೆ ಬಂದರೆ ಡಿಕ್ಕಿಯಲ್ಲಿ ನೀರು ನಿಂತು, ಮಾರೋಕೆ ಒಯ್ಯುವ ಬೆಲ್ಲ ಕರಗುತ್ತಿತ್ತು.

ಅವರ ಕೈಗೆ ಟಾರ್ಚ್ ಕೊಟ್ಟು ಡಿಕ್ಕಿಯೊಳಗೆ ಕೂರಿಸಿ, ಬಾಗಿಲು ಹಾಕಿ, ಹೊರಗಿನಿಂದ ಪೈಪಿನಲ್ಲಿ ನೀರು ಬಿಟ್ಟೆ. ಬಾಗಿಲಿನ ರಬ್ಬರಿಗೆ ಬಿಟ್ಟಾಗ ಏನೂ ಆಗಲಿಲ್ಲ. ಹಿಂದಿನ ಬಲಗಡೆ ಲೈಟಿಗೆ ಬಿಟ್ಟ ಕೂಡಲೇ ಒಳಗಿಂದ ಗಾಜು ಬಡಿದು, "ಬತ್ತಾದೆ, ನಿಲ್ಸಪ್ಪ" ಅಂದರು.

ಲೈಟಿನ ಹಿಂದೆ ಒಣಗಿಹೋಗಿದ್ದ ವಾಷರ್ ತೆಗೆದು ಹೊಸದು ಹಾಕಿದೆ. ಆದರೆ ಒಳಗೆ ಬಂದ ನೀರು ತಾನಾಗಿ ಹೊರಗೆ ಹೋಗಬೇಕಿತ್ತಲ್ಲ? ಮ್ಯಾಟು ಎತ್ತಿ ನೋಡಿದರೆ, ತಳದ ತೂತಿಗೆ ಸಿಮೆಂಟ್ ಮೆತ್ತಿತ್ತು.

"ಇದ್ಯಾರು ಮುಚ್ಚಿದ್ದು?"

"ನಾನೇಯ. ಆ ತೂಬಲ್ಲೇ ನೀರು ತೊಟ್ಟಿಕ್ತಿತ್ತು, ಅಲ್ಲಿಂದ್ಲೇ ಒಳಕ್ ಬತ್ತದೆ ಅನ್ಕಂಡೆ."

"ಅದು ನೀರು ಬರೋ ತೂಬಲ್ಲ ಕಣಮ್ಮ, ಹೆಚ್ಚಾದ ನೀರು ಹೋಗೋ ಬಸಿಗಾಲುವೆ."

ಕಾಲುವೆ ನೀರಲ್ಲಿ ಭತ್ತ ಬೆಳೆಯೋ ಹೆಂಗಸು, ಬಗ್ಗಿ ಆ ಸಿಮೆಂಟನ್ನು ಉಗುರಿನಿಂದ ಕೆರೆದರು. ಆಮೇಲೆ ಮೆಲ್ಲಗೆ ಅಂದರು: "ನನ್ ಗದ್ದೆ ಬಸಿಗಾಲುವೆ ಮುಚ್ಚುಬುಟ್ಟ ಅಂತ ಮೈದುನನ್ ತಾವ ಮಾತು ಬುಟ್ಟಿದ್ದೀನಿ. ಅವನ ಕಾರೂ ನಿನ್ ತಾವ್ಕೇ ಬತ್ತದೆ. ಇದ್ನ ಅವನ್ಗೆ ಏಳ್ಬೇಡ ಕಣಪ್ಪ."

ನಾನು ಹೇಳಿಲ್ಲ. ಮೈದುನನ ಕಾರೂ ಸೋರಿ, ಅವನೂ ಅದರ ತೂತಿಗೆ ಸಿಮೆಂಟ್ ಮೆತ್ತಿಕೊಂಡು ಬರುವವರೆಗೂ ಹೇಳುವುದಿಲ್ಲ.