ಹೆಗಲು ಬಿಟ್ಟವನು

ನಾರಾಯಣಖೇಡದ ತನ್ನ ಬೀಜ-ಗೊಬ್ಬರದ ಅಂಗಡಿಯಲ್ಲಿ ಶಂಕ್ರೆಪ್ಪ ಬೆಳಿಗ್ಗೆ ಕುರ್ಚಿಗೆ ಬಿದ್ದನೆಂದರೆ ಏಳುತ್ತಿದ್ದದ್ದು ಊಟಕ್ಕೆ. ಊಟ ಮುಗಿಸಿ ಮತ್ತೆ ಕೂತರೆ ಏಳುತ್ತಿದ್ದದ್ದು ಶಟರ್ ಎಳೆಯುವ ಹೊತ್ತಿಗೆ. ಆ ಶಟರನ್ನೂ ಎಳೆಯುವವನು ಅಂಗಡಿಯ ಆಳು ನಾಮದೇವ. ಕೈ ಚಾಚಿದರೆ ಸಿಗುವ ಔಷಧದ ಡಬ್ಬಿಗೂ ಶಂಕ್ರೆಪ್ಪ ಅವನನ್ನೇ ಕರೆಯುತ್ತಿದ್ದ. ಮನೆ ಎರಡು ಓಣಿ ಆಚೆ, ಅಲ್ಲಿಗೂ ಸ್ಕೂಟರು.

"ಸಂಜಿ ಮುಂದ ಒಂದು ಸುತ್ತಾದ್ರೂ ನಡೆದು ಬರ್ರಿ," ಎಂದು ಹೆಂಡತಿ ಪ್ರೇಮಲಾ ಹೇಳಿ ಹೇಳಿ ಸಾಕಾಗಿದ್ದಳು.

"ಅಂಗಡಿ ಯಾರು ನೋಡ್ಬೇಕು? ನಿಮ್ಮಪ್ಪ ಬಂದು ಕೂಡ್ತಾನೇನು?"

ಬಿಡುವಿಲ್ಲ ಎಂಬುದು ಪೂರಾ ಸುಳ್ಳೇನಲ್ಲ. ಕಲ್ಹೇರಿನಿಂದ, ಕಂಗ್ಟಿಯಿಂದ ಬಂದ ರೈತರು ಕಟ್ಟೆ ಮೇಲೆ ಕಾಯುತ್ತಿದ್ದರೆ ಎದ್ದು ತಿರುಗಾಡಲು ಯಾರಿಗೆ ಮನಸ್ಸು ಬಂದೀತು? ಹೊಟ್ಟೆ ಬಂತು, ಮೆಟ್ಟಿಲು ಹತ್ತಿದರೆ ಏದುಸಿರು ಬಂತು. ವಯಸ್ಸಾಯಿತಲ್ಲ ಅಂದುಕೊಂಡ. ಐವತ್ತು ಇನ್ನೂ ದೂರವಿತ್ತು.

ಯುಗಾದಿ ಕಳೆದ ಮೇಲೆ ಕಂಗ್ಟಿಯಲ್ಲಿದ್ದ ಅವನ ಕಾಕಾ ಶಿವರಾಜಪ್ಪ ತೀರಿಕೊಂಡರು. ಕಾಕಾನಿಗೆ ಗಂಡುಮಕ್ಕಳಿಲ್ಲ, ಇದ್ದವಳು ಒಬ್ಬಳೇ ಮಗಳು, ಶಂಕ್ರೆಪ್ಪ ಅಕ್ಕ ಎಂದು ಕರೆಯುತ್ತಿದ್ದ ರಾಜೇಶ್ವರಿ. ಹೀಗಾಗಿ ಮುಂದಿನ ಬಲಗಡೆಯ ಹೆಗಲು ಅಣ್ಣನ ಮಗ ಶಂಕ್ರೆಪ್ಪನದು ಎಂದು ಹಿರಿಯರು ಹೇಳಿದರು. ವಿಭೂತಿ ಹಚ್ಚಿ, ತಲೆಗೆ ಪಟಗಾ ಸುತ್ತಿ, ಬಿದಿರು ಕಟ್ಟಿದ ಶವದ ವಿಮಾನದಲ್ಲಿ ಕೂರಿಸಿದ ಕಾಕಾ ಬದುಕಿದ್ದಾಗಿನಷ್ಟೇ ನೆಟ್ಟಗೆ ಕಾಣುತ್ತಿದ್ದರು.

ಊರ ಬಾಗಿಲವರೆಗೆ ಹೇಗೋ ನಡೆದ. ಅಲ್ಲಿಂದ ಮಣ್ಣು ಮಾಡುವ ಹೊಲಕ್ಕೆ ಹಳ್ಳ ದಾಟಿ ಏರು ಹತ್ತಬೇಕು. ಹಳ್ಳದೊಳಗೆ ಇಳಿಯುತ್ತಿದ್ದಂತೆ ಅವನ ಮೊಣಕಾಲು ನಡುಗತೊಡಗಿದವು, ಎದೆ ಹೊಡೆದುಕೊಳ್ಳತೊಡಗಿತು, ಕಣ್ಣ ಮುಂದೆ ಬಿಸಿಲು ಬಿಳಿಯಾಗಿ ಕುಣಿಯಿತು. "ನಿಂದರ್ರಿ" ಎನ್ನಲು ನಾಚಿಕೆ. ಆ ನಾಚಿಕೆಯಲ್ಲೇ ನಾಲ್ಕು ಹೆಜ್ಜೆ ಹೆಚ್ಚಿಗೆ ಹಾಕಿದ. ಬಿದಿರು ಹೆಗಲಿನಿಂದ ಜಾರಿತು, ವಿಮಾನ ವಾಲಿತು, ಕಾಕಾನ ತಲೆ ಅವನ ಕಡೆಗೇ ಬಾಗಿತು.

"ಹಿಡೀರಿ, ಹಿಡೀರಿ!" ಎಂದು ಹಿಂದಿನಿಂದ ಕೂಗು ಎದ್ದಿತು.

ಗಂಡಸರು ಓಡಿ ಬರುವ ಮೊದಲೇ, ಪಕ್ಕದಲ್ಲಿ ಅಳುತ್ತ ಬರುತ್ತಿದ್ದ ರಾಜೇಶ್ವರಿ ಸೆರಗು ಸೊಂಟಕ್ಕೆ ಸಿಗಿಸಿ ಬಿದಿರಿನ ಕೆಳಗೆ ಹೆಗಲು ಕೊಟ್ಟಿದ್ದಳು. ಹಿರಿಯರೊಬ್ಬರು, "ಯವ್ವಾ, ಹೆಣ್ಮಕ್ಕಳು ಹೊರಬಾರ್ದು..." ಎಂದು ಶುರು ಮಾಡಿದರು.

"ಅಪ್ಪ ಕೆಳಗ ಬಿದ್ದ ಮ್ಯಾಲ ಮಾತಾಡೋಣಂತ್ರಿ. ಈಗ ನಡೀರಿ," ಅಂದಳು ಅವಳು.

ಎಲ್ಲರೂ ನಡೆದರು. ಶಂಕ್ರೆಪ್ಪ ಹಳ್ಳದ ಉಸುಕಿನಲ್ಲಿ ಕೂತುಬಿಟ್ಟ. ಯಾರೋ ನೀರು ಕೊಟ್ಟು, ಮೋಟಾರ್ ಸೈಕಲ್ಲಿನ ಹಿಂದೆ ಹತ್ತಿಸಿಕೊಂಡು ಸುತ್ತುದಾರಿಯಲ್ಲಿ ಹೊಲ ಮುಟ್ಟಿಸಿದರು. ಅವನು ತಲುಪಿದಾಗ ಹೆಣ ಇನ್ನೂ ಬಂದಿರಲಿಲ್ಲ. ಮನೆಯ ಮಗನಾಗಿ ಹೊರಬೇಕಾದವನು ನೆಂಟನಂತೆ ಮೊದಲೇ ಬಂದು ಗುಂಡಿಯ ಬದಿಗೆ ನಿಂತಿದ್ದ. ಏರಿನ ಮೇಲೆ ಮೊದಲು ಕಾಕಾನ ಪಟಗಾ ಕಂಡಿತು, ಆಮೇಲೆ ಬೆವೆತ ಅಕ್ಕನ ಮುಖ. ಅವನು ತಲೆ ತಗ್ಗಿಸಿದ.

ಕಾಕಾನ ಹೆಸರಿನಲ್ಲಿ ಮಾಡಿದ ಶಿವಗಣಾರಾಧನೆಗೆ ಅವನು ಹೋಗಲಿಲ್ಲ. ಮಾಲು ಬರುವುದಿದೆ ಎಂದು ನೆಪ ಹೇಳಿ ಪ್ರೇಮಲಾಳನ್ನು ಕಳಿಸಿದ. ಅಕ್ಕನಿಗೆ ಒಂದು ಫೋನನ್ನೂ ಮಾಡಲಿಲ್ಲ. ಕಂಗ್ಟಿ ಕಡೆಯ ಗಿರಾಕಿ ಬಂದರೆ ಸಾಕು, ಅವನು ತನ್ನ ಹೆಗಲನ್ನೇ ನೋಡುತ್ತಿದ್ದಾನೆ ಅನಿಸುತ್ತಿತ್ತು.

ಆಗ ನಡೆಯಲು ಶುರು ಮಾಡಿದ, ಅದೂ ಕದ್ದು. ಬೆಳಿಗ್ಗೆ ಕಾಲೇಜು ಮೈದಾನಕ್ಕೆ ಹೋದರೆ ಯಾಕೆ ಬಂದನೆಂದು ಊರಿಗೆಲ್ಲ ಗೊತ್ತಾಗುತ್ತದೆ. ಆದ್ದರಿಂದ ಕೆಲಸದೊಳಗೇ ದಾರಿ ಹುಡುಕಿದ. ಫೋನ್ ಬಂದರೆ ಹಿಂದಿನ ಗೋದಾಮಿಗೆ ಹೋಗಿ ಚೀಲಗಳ ನಡುವೆ ಅತ್ತಿಂದಿತ್ತ ಓಡಾಡುತ್ತ ಮಾತಾಡಿದ. ಡಬ್ಬಿ ಬೇಕಾದರೆ ತಾನೇ ಎದ್ದ. ತೂಕದ ಕೆಲಸಕ್ಕೆ ನಾಮದೇವನನ್ನು ನಿಲ್ಲಿಸಿ ಸಣ್ಣ ಚೀಲಗಳನ್ನು ತಾನೇ ಹೊತ್ತು ತಂದ. ಸ್ಕೂಟರು ಮನೆಯಲ್ಲೇ ಉಳಿಯಿತು. ಊಟಕ್ಕೆ ಹೋಗುವುದು, ಬರುವುದು, ಬ್ಯಾಂಕಿಗೆ ಹೋಗುವುದು, ಎಲ್ಲವೂ ಕಾಲ್ನಡಿಗೆಯಲ್ಲೇ.

ಆದರೆ ದಾರಿಯುದ್ದಕ್ಕೂ ಜನ ಬಿಡಬೇಕಲ್ಲ! "ಏನ್ರಿ ಶೇಟ್, ಗಾಡಿ ಎಲ್ಲೈತಿ?"

"ಕೆಟ್ಟದರಿ. ರಿಪೇರಿಗಿ ಕೊಟ್ಟೀನಿ."

ಈ ಸುಳ್ಳು ಹಲವು ದಿನ ನಡೆಯಿತು. ಕೊನೆಗೆ ಒಂದು ಸಂಜೆ ಮೆಕ್ಯಾನಿಕ್ ಆತ್ಮಾರಾಮ ಎಣ್ಣೆಗೈಯಲ್ಲೇ ಅಂಗಡಿ ಹತ್ತಿ ಬಂದ. ಮುಖ ಉಬ್ಬಿತ್ತು.

"ಇಷ್ಟ್ ವರ್ಷ ನಿಮ್ಮ ಗಾಡಿ ನಾ ನೋಡೀನಿ. ಈಗ ಯಾರಿಗಿ ಕೊಟ್ಟೀರಿ? ನಂದೇನು ತಪ್ಪಾಗ್ಯದ, ಹೇಳ್ರಿ."

ಅಂಗಡಿ ತುಂಬ ಗಿರಾಕಿಗಳು. ಶಂಕ್ರೆಪ್ಪನ ಕಿವಿ ಬಿಸಿಯಾದವು. "ಗಾಡಿ ಛಲೋನೇ ಅದ ಆತ್ಮಾರಾಮ. ನಾನೇ ಕೆಟ್ಟೀನಿ. ಕಾಕಾನ ಮಣ್ಣಿನ್ಯಾಗ ಹೊರಾಕ ಆಗ್ಲಿಲ್ಲ ನನಗ. ಅದಕ್ಕ ನಡೀಲಾಕತ್ತೀನಿ."

ಯಾರೂ ನಗಲಿಲ್ಲ. ಆತ್ಮಾರಾಮ ಬಂದ ಸಿಟ್ಟನ್ನು ಎಲ್ಲಿಡಬೇಕೆಂದು ತಿಳಿಯದೆ, "ಹಂಗಾದ್ರ ಆತು ಬಿಡ್ರಿ," ಎಂದು ಇಳಿದು ಹೋದ. ಸುಳ್ಳಿನ ಭಾರ ಇಳಿದರೂ ಶಂಕ್ರೆಪ್ಪನ ನಾಚಿಕೆ ಇಳಿಯಲಿಲ್ಲ.

ಮೊದಲ ಮಳೆ ಬಿದ್ದ ವಾರ ರಾಜೇಶ್ವರಿಯೇ ಅಂಗಡಿಗೆ ಬಂದಳು. ದೂರದಿಂದಲೇ ಕಂಡು ಶಂಕ್ರೆಪ್ಪ ಫೋನ್ ಕಿವಿಗೆ ಹಿಡಿದ. ಆ ಕಡೆ ಯಾರೂ ಇರಲಿಲ್ಲ. ಅವಳು ಕಟ್ಟೆ ಮೇಲೆ ಕೂತು ಸುಮ್ಮನೆ ಕಾದಳು. ಕೊನೆಗೆ ಅವನೇ ಸೋತು ಫೋನ್ ಕೆಳಗಿಟ್ಟ.

"ತೊಗರಿ ಬೀಜ ಬೇಕಾಗ್ಯಾವ. ಅಪ್ಪನ ಹೊಲ ನಾನೇ ಮಾಡ್ಬೇಕಂತ ಮಾಡೀನಿ," ಅಂದಳು. ಅವನ ಮುಖ ನೋಡಿ, "ಯಾಕೋ ಶಂಕ್ರೂ, ಮನಿ ಕಡಿಗಿ ಬರೋದೇ ಬಿಟ್ಟೀ?"

"ಯಾವ ಮುಖ ಹೊತ್ತು ಬರ್ಲಿ ಅಕ್ಕ? ಕಾಕಾಗ ನಡು ಹಾದ್ಯಾಗ ಕೈ ಬಿಟ್ಟವ ನಾ."

"ಅವತ್ತು ಮುಂಜಾನಿ ನಾ ನಿನಗ ಏನ್ ಕೇಳಿದ್ದೆ, ನೆಪ್ಪದ ಏನು?"

ಅವನಿಗೆ ನೆನಪಿರಲಿಲ್ಲ.

"ಅಪ್ಪಗ ನಾನೂ ಹೆಗಲು ಕೊಡ್ತೀನಿ, ಹಿರ್ಯಾರಿಗಿ ಒಂದ್ ಮಾತು ಹೇಳು ಅಂದಿದ್ದೆ. 'ನಾ ಇದ್ದೀನಲ್ಲ, ನಿಂಗ್ಯಾಕ ಅಕ್ಕ' ಅಂದು ನೀ ಪಟಗಾ ಸುತ್ಕೊಳ್ಳಾಕ ಹೋದಿ."

ಈಗ ನೆನಪಾಯಿತು. ಅಂಗಳದ ಮೂಲೆ, ಅವಳ ಬಾತ ಕಣ್ಣು, ತಾನು ಆಡಿದ ಹಗುರ ಮಾತು. ಇಷ್ಟು ದಿನ ಕಾಲು ನಡುಗಿದ್ದಕ್ಕೆ ನಾಚಿ ಸತ್ತಿದ್ದ. ತಂದೆಯನ್ನು ಕಳೆದುಕೊಂಡವಳು ಕೇಳಿದ ಒಂದೇ ಒಂದು ಮಾತನ್ನು ತಳ್ಳಿಹಾಕಿದ್ದಕ್ಕೆ ಒಮ್ಮೆಯೂ ನಾಚಿರಲಿಲ್ಲ. ಆಮೇಲೆ ಅವಳು ಹೇಗಿದ್ದಾಳೆಂದು ಕೇಳುವುದನ್ನೂ ಬಿಟ್ಟು, ತನ್ನ ಮರ್ಯಾದೆಯನ್ನೇ ಅಪ್ಪಿಕೊಂಡು ಕೂತಿದ್ದ.

"ತಪ್ಪಾತು ಅಕ್ಕ," ಅಂದ. "ನೀ ಹ್ಯಾಂಗಿದ್ದೀ?"

"ಮನ್ಯಾಗ ಕುಂದ್ರಾಕ ಆಗಲ್ಲ. ಅದಕ್ಕ ಹೊಲಕ್ಕ ಹೋಗ್ತೀನಿ," ಅಂದಳು. ಕಣ್ಣೊರೆಸಿಕೊಂಡು ಬೀಜದ ತಳಿಯ ಬಗ್ಗೆ ವಿಚಾರಿಸತೊಡಗಿದಳು.

ಅವಳು ಕರೆದಳೆಂದು ಎಳ್ಳಮವಾಸ್ಯೆಗೆ ಶಂಕ್ರೆಪ್ಪ, ಪ್ರೇಮಲಾ ಕಂಗ್ಟಿಗೆ ಹೋದರು. ಹೊಲದಲ್ಲಿ ಪೂಜೆ ಆದ ಮೇಲೆ, ಭೂಮಿತಾಯಿಗೆ ಎಡೆಯಾಗಿ ಹೊಲದ ಸುತ್ತ ಚರಗ ಚೆಲ್ಲಲು ರಾಜೇಶ್ವರಿ ಭಜ್ಜಿ-ರೊಟ್ಟಿಯ ಬುಟ್ಟಿ ಹಿಡಿದು ಮುಂದೆ ನಡೆದಳು. ನೀರಿನ ತಂಬಿಗೆ ಹಿಡಿದು ಅವನು ಹಿಂದೆ, ಅವನ ಹಿಂದೆ ಪ್ರೇಮಲಾ ಮತ್ತು ಉಳಿದವರು. ತೊಗರಿ ಎದೆಯೆತ್ತರ ಬೆಳೆದಿತ್ತು. ಹೊಲದ ಸುತ್ತ ಬದುವಿನ ಮೇಲೆ ಅರ್ಧ ಹೋಗುವಷ್ಟರಲ್ಲಿ ಅವನಿಗೆ ದಮ್ಮು ಹತ್ತಿತು.

"ಅಕ್ಕಾ, ನಿಂದ್ರು ಸ್ವಲ್ಪ," ಅಂದ. ಹಿಂದೆ ಬರುತ್ತಿದ್ದವರಿಗೆಲ್ಲ ಕೇಳಿಸುವಂತೆಯೇ ಅಂದ. ಕೆನ್ನೆ ಸುಟ್ಟಂತಾಯಿತು.

ಅವಳು ನಿಂತಳು. ಅವನು ಬದುವಿನ ಮೇಲೆ ಕೂತು ತಂಬಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಉಸಿರು ಕೂಡಿಸಿಕೊಂಡ. ಆಮೇಲೆ ಎದ್ದು, ಉಳಿದ ಸುತ್ತನ್ನು ನಿಧಾನವಾಗಿ ಅವಳ ಹಿಂದೆಯೇ ಮುಗಿಸಿದ.