ಗ್ಯಾನಮ್ಮನ ಸಮ್ಮಟಿಗೆ

ರಜಾಕಾರರ ಹಾವಳಿ ಮುಗಿದ ಮರುವರ್ಷ, ಮಸ್ಕಿಯ ಕಮ್ಮಾರ ಮೈಲಾರಲಿಂಗಪ್ಪನ ಕುಲುಮೆ ಇನ್ನೇನು ಬಾಗಿಲು ಹಾಕುವುದರಲ್ಲಿತ್ತು. ಸಮ್ಮಟಿಗೆ ಬಡಿಯುತ್ತಿದ್ದ ಪಕೀರಪ್ಪ ಹಟ್ಟಿಯ ಚಿನ್ನದ ಗಣಿ ಸೇರಿಕೊಂಡಿದ್ದ. ಬಿತ್ತನೆ ಹತ್ತಿರ ಬಂದಿತ್ತು. ಇಕ್ಕಳ ಹಿಡಿದವನೇ ಸಮ್ಮಟಿಗೆಯನ್ನೂ ಎತ್ತಲು ಮೈಲಾರಲಿಂಗಪ್ಪನಿಗೇನು ನಾಲ್ಕು ಕೈಗಳೇ?

"ನಾ ಬಡೀತೀನ್ರಿ," ಎಂದಳು ತಿದಿ ಒತ್ತುತ್ತಿದ್ದ ಹೆಂಡತಿ ಗ್ಯಾನಮ್ಮ.

"ಸುಮ್ಕಿರಲೇ. ಮಂದಿ ನನ್ನ ಮೀಸಿ ನೋಡಿ ನಗತಾರ."

"ನಿಮ್ಮ ಮೀಸಿ ರೊಟ್ಟಿ ಹಾಕತೈತೇನು?"

ಅವನು ಒಪ್ಪಲಿಲ್ಲ. ಒಪ್ಪದಿದ್ದರೆ ಬಿಡುವ ಹೆಂಗಸೇ ಅವಳು! ಹಿತ್ತಿಲಲ್ಲಿ ಬೇವಿನ ಕೊರಡು ಹೂತು, ಅದರ ನೆತ್ತಿಗೆ ಸುಣ್ಣದ ಬೊಟ್ಟಿಟ್ಟು, ಗಂಡ ಉಂಡು ಅಡ್ಡಾದಾಗಲೆಲ್ಲ ಒಬ್ಬಳೇ ಬಡಿದಳು. ಅಂಗೈಯಲ್ಲಿ ಬೊಬ್ಬೆ ಎದ್ದವು, ಒಡೆದವು, ಗಟ್ಟಿಯಾದವು. ಪಕ್ಕದ ಮನೆಯ ವೀರಭದ್ರಮ್ಮ ಗೋಡೆಯ ಮೇಲಿಂದ ಇಣುಕಿ, "ಯಾರ ಮ್ಯಾಲ ಸಿಟ್ಟವ್ವಾ?" ಎಂದಳು. "ಊರ ಮ್ಯಾಲ!" ಎಂದಳು ಗ್ಯಾನಮ್ಮ. ಕಡೆಗೆ ಏಟು ಬೊಟ್ಟು ಬಿಟ್ಟು ಕದಲದಾಯಿತು.

ಜಜ್ಜಿಹೋದ ಕೊರಡನ್ನು ನೋಡಿದ ಮೈಲಾರಲಿಂಗಪ್ಪ ಕಾದ ನೇಗಿಲ ಕುಳವೊಂದನ್ನು ಅಡಿಗಲ್ಲಿನ ಮೇಲಿಟ್ಟು ಅವಳನ್ನು ಕರೆದ. ಬಡಿಯುವಾಗ ಬಾಯಿಮಾತು ನಡೆಯುವುದಿಲ್ಲ. ಕಮ್ಮಾರನ ಸಣ್ಣ ಸುತ್ತಿಗೆ ತಟ್ಟಿದಲ್ಲಿ ಸಮ್ಮಟಿಗೆ ಬೀಳಬೇಕು. ಆ ಸುತ್ತಿಗೆಯನ್ನು ಅವನು ಅಡಿಗಲ್ಲಿನ ಮೇಲೆ ಮಲಗಿಸಿದರೆ ನಿಲ್ಲಬೇಕು. ಇದು ಗ್ಯಾನಮ್ಮನಿಗೆ ಗೊತ್ತಿತ್ತು, ಅವಳ ಕೈಗೆ ಗೊತ್ತಿರಲಿಲ್ಲ. ಅವನು ಸುತ್ತಿಗೆ ಮಲಗಿಸಿದ. ಅವಳ ಏಟು ಇಳಿದೇಬಿಟ್ಟಿತು. ಇಕ್ಕಳ ಹಾರಿತು, ಕುಳದ ಮೂತಿ ಸೊಟ್ಟಗಾಯಿತು.

"ಕೈ ಹೋಗತಿತ್ತಲ್ಲಲೇ ನಂದು!"

ಗ್ಯಾನಮ್ಮ ಬಗ್ಗಿ ಅವನ ಕೈ ನೋಡಿದಳು. ಆದರೂ ಸಮ್ಮಟಿಗೆ ಕೆಳಗಿಡಲಿಲ್ಲ. "ಆ ಕೊರಡು ಯಾವತ್ತರ ನಿಲ್ಲು ಅಂದೈತೇನ್ರಿ ನನಗ? ನೀವು ನನ್ನ ಜೋಡಿ ನಿಂದರ್ರಿ, ಕಲೀತೀನಿ."

ಬೆಂಕಿಯಿಲ್ಲದೆ, ತಣ್ಣನೆಯ ಕಬ್ಬಿಣದ ಮೇಲೆ ಇಬ್ಬರೂ ಕೂಡಿ ಬಡಿದರು. ಅವನು ಬೇಕೆಂದೇ ನಡುನಡುವೆ ಸುತ್ತಿಗೆ ಮಲಗಿಸುವನು; ಅವಳು ಬೈದುಕೊಳ್ಳುತ್ತಲೇ ಏಟನ್ನು ತಡೆಯುವಳು. ಬರಬರುತ್ತ ಅವನ ಹೆಗಲು ಅಲುಗಿದರೂ ಅವಳ ಕೈಗೆ ತಿಳಿಯತೊಡಗಿತು.

ಬಿತ್ತನೆಯ ಹೊತ್ತಿಗೆ ಕರಿಬಸಪ್ಪ ಸಾಹುಕಾರರು ಕುಳ ತಂದರು. ಕುಲುಮೆಗೆ ಬರುವ ಕೆಲಸದಲ್ಲಿ ಅರ್ಧ ಅವರದೇ. ಕಬ್ಬಿಣ ಕೆಂಪಗೆ ಹೊರಬಂತು. ಸಮ್ಮಟಿಗೆ ಹೆಗಲಿಗೇರಿಸಿದ ಗ್ಯಾನಮ್ಮನನ್ನು ಕಂಡು ಅವರು ಕೂಗಿದರು: "ಏ ಮೈಲಾರಿ, ಹೆಂಗಸು ಬಡದ ಕುಳ ನನ್ನ ಹೊಲಕ್ಕ ಬ್ಯಾಡೋ! ನಿಲ್ಲಸು!"

ಮೈಲಾರಲಿಂಗಪ್ಪನ ಸುತ್ತಿಗೆ ಅಡಿಗಲ್ಲಿನತ್ತ ವಾಲಿತು. ಈಗ ಮಲಗಿಸಿದರೆ ಮತ್ತೆಂದೂ ಅವಳು ಸಮ್ಮಟಿಗೆ ಎತ್ತುವಂತಿಲ್ಲ.

"ಕಬ್ಬಿಣ ಆರಾಕತ್ತೈತ್ರಿ," ಎಂದಳು ಗ್ಯಾನಮ್ಮ. "ನಿಮ್ಮ ಸುತ್ತಿಗಿ ಹೇಳಿದ್ರ ನಿಲ್ತೀನಿ. ಸಾವ್ಕಾರ್ರು ಹೇಳಿದ್ರ ನಿಲ್ಲಂಗಿಲ್ಲ."

ಅವನು ಅವಳ ಮುಖ ನೋಡಿದ. ಸಣ್ಣ ಸುತ್ತಿಗೆ ಎದ್ದು ಕುಳಕ್ಕೆ ತಟ್ಟಿತು. ಅಲ್ಲೇ ಸಮ್ಮಟಿಗೆ ಬಿತ್ತು. ತಟ್ಟಿತು, ಬಿತ್ತು. ಸಾಹುಕಾರರು ಇನ್ನೂ ಏನೋ ಕೂಗುತ್ತಿದ್ದರು, ಆ ಸದ್ದಿನಲ್ಲಿ ಯಾರಿಗೆ ಕೇಳಬೇಕು!

ಮೂತಿ ಚೂಪಾದ ಮೇಲೆಯೇ ಮೈಲಾರಲಿಂಗಪ್ಪ ಸುತ್ತಿಗೆ ಮಲಗಿಸಿದ್ದು. ಸಮ್ಮಟಿಗೆ ಗಾಳಿಯಲ್ಲೇ ನಿಂತಿತು.

"ಬ್ಯಾಡಾದ್ರ ಕುಳ ಇಲ್ಲೇ ಇರಲ್ರಿ ಸಾವ್ಕಾರ್ರ," ಎಂದ ಅವನು. "ಇಲ್ಲಿ ಬಡಿಯಾಕಿ ಈಕೀನ."