ಮಾವನ ಹೆಸರಿನ ಲೈಬ್ರರಿ

ಚನ್ನಗಿರಿಯ ಆ ಮನೆಯಲ್ಲಿ ಕರೆಂಟಿನ ಮೀಟರು, ಗ್ಯಾಸು, ನಲ್ಲಿ, ಎಲ್ಲರ ಸಿಮ್ಮು, ಸಕಲವೂ ಮಹೇಶ್ವರಪ್ಪನವರ ಹೆಸರಿನಲ್ಲಿವೆ. ಹಿರಿಯರಿರುವಾಗ ಕಿರಿಯರ ಹೆಸರು ಬರೆಸಿದರೆ ಮನೆ ಪಾಲಾಯಿತೇನೋ ಎಂದುಕೊಳ್ಳುತ್ತಾರೆ ಜನ. ಹಾಗಾಗಿ ಸೊಸೆ ರೂಪಶ್ರೀ ತನ್ನ ಕೋಡ್ ಇಡಲು ಇಂಟರ್‌ನೆಟ್ಟಿನಲ್ಲಿ ಖಾತೆ ತೆರೆದಾಗ, ಮಾಲೀಕರ ಹೆಸರು ಕೇಳಿದ ಕಡೆ ಅವಳ ಬೆರಳು ತಾನಾಗಿ ಮಾವನ ಹೆಸರನ್ನೇ ಒತ್ತಿತು, ಅವರ ಮೊಬೈಲ್ ನಂಬರನ್ನೂ.

ಲೈಬ್ರರಿ ಎಂದರೆ ಪುಸ್ತಕದ್ದಲ್ಲ. ಬೇರೆಯವರು ತಮ್ಮ ಮೊಬೈಲ್ ಆ್ಯಪಿಗೆ ಜೋಡಿಸಿಕೊಳ್ಳಬಹುದಾದ ಸಿದ್ಧ ಕೋಡಿನ ಗಂಟು. ರೂಪಶ್ರೀಯ ಗಂಟು ಈ ಸೀಮೆಯ ಮಾತು ಕೇಳಿ ಅಕ್ಷರ ಮಾಡುತ್ತಿತ್ತು. ಅದಕ್ಕಾಗಿ ಹೊನ್ನಾಳಿ, ನ್ಯಾಮತಿ ಬಸ್‌ಸ್ಟ್ಯಾಂಡುಗಳಲ್ಲಿ ಕೂತು ಹೆಂಗಸರ ದನಿ ಹಿಡಿದು ತಂದಿದ್ದಳು. ಒಮ್ಮೆ ಯಾರೋ ನಕಲು ಹೊಡೆದ ಮೇಲೆ ಬೀಗ ಹಾಕಿದಳು: ಅನುಮತಿ ಇದ್ದವರಿಗಷ್ಟೇ ಪ್ರವೇಶ. ಇಷ್ಟು ಕೋಡ್ ಬರೆದರೂ ಅವಳಿಗೆ ಕೋಡು ಮೂಡಲಿಲ್ಲ. ಮೂಡಬೇಕಿತ್ತು.

ಹೋದ ವರ್ಷ ದಾವಣಗೆರೆಯ ಕಂಪನಿಯೊಂದಕ್ಕೆ ಅದು ಬೇಕಾಯಿತು. ಅಲ್ಲಿಂದ ಬಂದ ಇಬ್ಬರು, ಮಾಲೀಕರು ಯಾರೆಂದು ಕೇಳಿದರು. ಮಹೇಶ್ವರಪ್ಪನವರು ಇಸ್ತ್ರಿ ಪಂಚೆಯುಟ್ಟು ಸೋಫಾದಲ್ಲಿ ಕೂತರು. ರೂಪಶ್ರೀ ಮಂಡಕ್ಕಿ ತಂದಿಟ್ಟಳು.

"ಸರ್, ಕೋಡ್ ನೀವೇ ಬರ್ದಿದ್ದಾ?"

"ನಮ್ಮನೇದೇ ಕಣ್ರೀ."

"ಪಾಸ್‌ವರ್ಡು ಇನ್ಯಾರತ್ರ ಐತ್ರಿ?"

ಗಂಡ ಗುರುಬಸವರಾಜ್ ಮುಂದಾದ. "ನಮ್ಮ ಮನೇರತ್ರ. ಬಿಡುವಾದಾಗ ನೋಡ್ತಿರ್ತಾಳೆ. ಈಗ್ಲೇ ಬದ್ಲಾಯಿಸ್ತೀನಿ."

"ನೋಡಿದ್ದಲ್ರೀ, ಬರ್ದಿದ್ದು ನಾನು."

"ಅದೆಲ್ಲ ಆಮೇಲೆ ಮಾತಾಡನ," ಎಂದ ಗಂಡ. "ಇವ್ರಿಗೆ ಚಾ ತಗಂಬಾ."

ಚಹಾ ಕುದಿಯುವಷ್ಟರಲ್ಲಿ ಪಾಸ್‌ವರ್ಡ್ ಬದಲಾಯಿತು, ಕಂಪನಿಯ ಕರಾರಿಗೆ ಮಾವನ ಸಹಿಯೂ ಬಿತ್ತು.

ಆ 'ಆಮೇಲೆ' ನಾಲ್ಕು ತಿಂಗಳಾದರೂ ಬರಲಿಲ್ಲ. ಒಂದು ದಿನ ಜಗಳೂರಿನಿಂದ ಅಕ್ಕ ಕಸ್ತೂರಮ್ಮನ ಫೋನು: "ಏನೇ ಇದು, ನಾನು ಮೇಕೆ ಅಂದ್ರೆ ನಿನ್ನ ಕೋಡ್ ಹಾಕಿರೋ ಆ್ಯಪು ಬೇಕೇ ಅಂತ ಕೇಳ್ತೈತೆ!" ತಪ್ಪು ಯಾವ ಸಾಲಿನಲ್ಲಿದೆಯೆಂದು ರೂಪಶ್ರೀಗೆ ಬಾಯಿಪಾಠ. ತಿದ್ದಲು ಬಾಗಿಲೇ ಇಲ್ಲ. ಕೊನೆಗೆ ಸ್ವಂತ ಹೆಸರಿನಲ್ಲಿ ಹೊಸ ಖಾತೆ ತೆರೆದು, ತಾನೇ ಕಟ್ಟಿದ ಲೈಬ್ರರಿಗೆ ಪ್ರವೇಶ ಕೋರಿ ಅರ್ಜಿ ಹಾಕಿದಳು.

ಅರ್ಜಿ ಮಾವನ ಮೊಬೈಲಿಗೆ ಹೋಯಿತು. ಅವರು ಅದನ್ನು ಹಿಡಿದು ಅಡುಗೆಮನೆಗೇ ಬಂದರು.

"ಯಾರೋ ಹೊರಗಿನೋರು ಒಳಗ್ ಬರಾಕೆ ಕೇಳ್ತಾರೆ ಅಂತ ಬಂದೈತೆ, ನೋಡಮ್ಮ."

"ನಾನೇ ಮಾವಾರೆ."

"ನೀನಾ! ಹಂಗಾರೆ ಗುರುನ್ನ ಒಂದ್ಮಾತು ಕೇಳಿ ಒತ್ತಲಾ?"

ರೂಪಶ್ರೀ ಒಲೆ ಆರಿಸಿದಳು.

"ಕೇಳದು ಬ್ಯಾಡ ಬಿಡ್ರಿ. ಆಗಲ್ಲ ಅಂತಾನೇ ಒತ್ರಿ."

ಸೊಸೆಯ ಮಾತನ್ನು ಎಂದೂ ತೆಗೆದುಹಾಕಿದವರಲ್ಲ ಮಹೇಶ್ವರಪ್ಪನವರು. ಅವಳು ತೋರಿಸಿದ ಕಡೆಗೇ ಒತ್ತಿದರು.